ಮಗುವಿಗೆ ಹೆಸರೇನೋ ಸಿಕ್ಕಿತು, ಸ್ಪೆಲ್ಲಿಂಗ್ ಯಾವುದು?

ಹೆಸರು ಆರಿಸುವ ಹೊತ್ತಿಗೆ ಮನೆಯಲ್ಲಿ ಒಂದು ಸುತ್ತು ಜಗಳ ಆಗಿಯೇ ಇರುತ್ತದೆ. ಅದು ಹೇಗೋ ಬಗೆಹರಿದು, ಅದಿತಿ ಅಂತಲೇ ಇಡೋಣ ಎಂದು ಎರಡೂ ಕಡೆಯವರು ಒಪ್ಪಿ ಕಾಫಿ ಕುಡಿಯುತ್ತಾ ಕೂತಾಗ ಯಾರೋ ಒಬ್ಬರು ಕೇಳುತ್ತಾರೆ: ‘ಟಿ ಆದ್ಮೇಲೆ ಎಚ್ ಬರುತ್ತಾ?’ ಎರಡನೇ ಸುತ್ತು ಅಲ್ಲಿಂದ ಶುರು. ಪುಣೆಯ ಚಿಕ್ಕಪ್ಪ ಎಚ್ ಬೇಡ ಅನ್ನುತ್ತಾರೆ. ಮಾವನವರು ಎಚ್ ಇಲ್ಲದಿದ್ದರೆ ಜನ ‘ಅದಿಟಿ’ ಅಂದಾರು ಅನ್ನುತ್ತಾರೆ. ನಾದಿನಿ ಮೊಬೈಲ್ ತೆಗೆದು, ಮೊದಲಿಗೆ ಎರಡು ಎ ಹಾಕಿದರೆ ನಂಬರ್ ಚೆನ್ನಾಗಿ ಬರುತ್ತದೆ ಅಂತ ತೋರಿಸುತ್ತಾಳೆ. ಬಾಣಂತಿಗೆ ನಿದ್ದೆ ಬಂದಿರುತ್ತದೆ.

ಈ ಸುತ್ತನ್ನು ಬೇಗ ಮುಗಿಸಬೇಕೆಂದರೆ ಕೆಲಸದ ಕ್ರಮ ಸರಿಯಿರಬೇಕು. ಮೊದಲು ಕನ್ನಡದ ಬರಹ ಗಟ್ಟಿಯಾಗಲಿ, ಆಮೇಲೆ ಇಂಗ್ಲಿಷ್, ಕೊನೆಗೆ ಸರ್ಟಿಫಿಕೇಟ್. ಊರವರ ಅಭಿಪ್ರಾಯ ಕೇಳುವುದಿದ್ದರೆ ಮೊದಲನೆಯದಕ್ಕೆ ಮಾತ್ರ ಕೇಳಿ. ಉಳಿದೆರಡು ಅಪ್ಪ ಅಮ್ಮನ ಕೆಲಸ.

ಮೊದಲು: ನಿಮಗೆಷ್ಟು ಸಮಯ ಇದೆ ತಿಳಿದುಕೊಳ್ಳಿ

ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ದಿನ ಫಾರಂ ಹಿಡಿದುಕೊಂಡು ಬಂದವರು ‘ಹೆಸರು ಹೇಳಿ ಸಾರ್, ಈಗಲೇ ಬರೆದುಬಿಡ್ತೀವಿ’ ಎಂದರೆ ಗಾಬರಿಯಾಗಬೇಡಿ. ಹುಟ್ಟಿದ 21 ದಿನದೊಳಗೆ ನೋಂದಣಿ ಆಗಬೇಕಾದ್ದು ಜನನ, ಹೆಸರಲ್ಲ. ಹೆಸರಿನ ಜಾಗ ಖಾಲಿ ಬಿಟ್ಟೇ ಜನನ ನೋಂದಾಯಿಸಬಹುದು. ಆಮೇಲೆ ಹೆಸರು ಸೇರಿಸುವುದಕ್ಕೆ 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಸೆಕ್ಷನ್ ಇದೆ. ನೋಂದಣಿಯಾದ 12 ತಿಂಗಳೊಳಗೆ ಸೇರಿಸಿದರೆ ಶುಲ್ಕವೂ ಇಲ್ಲ. ಅದಾದ ಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ.

ಹಾಗಂತ ವರ್ಷಗಟ್ಟಲೆ ಎಳೆಯುವುದೂ ಬೇಡ. 2023ರಲ್ಲಿ ಈ ಕಾಯ್ದೆಗೆ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್ ಎಲ್ಲದಕ್ಕೂ ಹುಟ್ಟಿದ ದಿನಾಂಕ ಮತ್ತು ಸ್ಥಳದ ದಾಖಲೆಯಾಗಿ ಬರ್ತ್ ಸರ್ಟಿಫಿಕೇಟೇ ಬೇಕು. ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಏನು ಬರೆದುಕೊಂಡರೋ ಅದೇ ಹೆಸರು, ಅವರು ಹಾಕಿದ್ದೇ ಹುಟ್ಟಿದ ತಾರೀಖು. ಜೂನ್ 1ರಂದು ಹುಟ್ಟಿದ ಅರ್ಧ ಕರ್ನಾಟಕ ಅದಕ್ಕೆ ಸಾಕ್ಷಿ. ಈಗ ಆ ಸಡಿಲ ಇಲ್ಲ. ಸರ್ಟಿಫಿಕೇಟಿನಲ್ಲಿ ಒಂದು ಅಕ್ಷರ ಬಿದ್ದರೆ ಅದು ಮುಂದಿನ ಎಲ್ಲ ಕಾಗದಗಳಿಗೂ ಹೋಗುತ್ತದೆ.

ನಾಮಕರಣ ಮುಗಿದು ಒಂದೆರಡು ತಿಂಗಳು ಮಗುವನ್ನು ಆ ಹೆಸರಿನಲ್ಲಿ ಕರೆದು, ಆಮೇಲೆ ಹೆಸರು ಸೇರಿಸಲು ಹೋಗುವುದು ನನ್ನ ಪ್ರಕಾರ ಹದವಾದ ಸಮಯ.

ಕನ್ನಡದಲ್ಲಿ ಬರೆದು ಗಟ್ಟಿ ಮಾಡಿ

ಕರ್ನಾಟಕದ ಜನನ ಪ್ರಮಾಣ ಪತ್ರದಲ್ಲಿ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ. ಇಂಗ್ಲಿಷ್ ಸಾಲಿಗೆ ಮನೆಮಂದಿಯೆಲ್ಲ ತಲೆ ಕೆಡಿಸಿಕೊಂಡು, ಕನ್ನಡ ಸಾಲನ್ನು ಟೈಪ್ ಮಾಡುವವರ ದಯೆಗೆ ಬಿಡುವುದು ನಮ್ಮ ಸಾಮಾನ್ಯ ರೂಢಿ. ಇದನ್ನು ತಿರುಗಿಸಬೇಕು. ಕನ್ನಡದ ಅಕ್ಷರ ಉಚ್ಚಾರಣೆಯನ್ನು ಹಿಡಿದಿಡುತ್ತದೆ, ಇಂಗ್ಲಿಷಿನ 26 ಅಕ್ಷರ ಹಿಡಿದಿಡುವುದಿಲ್ಲ. ರಾಮ ಮತ್ತು ರಮಾ ಎರಡಕ್ಕೂ ಇಂಗ್ಲಿಷಿನಲ್ಲಿ ಆರ್-ಎ-ಎಂ-ಎ ಅಂತಲೇ ಬರೆಯುತ್ತೇವೆ. ಒಬ್ಬ ಗಂಡು, ಒಬ್ಬಳು ಹೆಣ್ಣು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು. ಕನ್ನಡದ ಫಲಕ ಬರೆಯುವವರಿಗೆ ಆವತ್ತು ಏನೂ ಕೆಲಸವಿರಲಿಲ್ಲ.

ಹಾಳೆಯ ಮೇಲೆ ಕೈಯಲ್ಲೇ ಬರೆಯಿರಿ. ಬರೆದು ನೋಡಬೇಕಾದ ಜಾಗಗಳು ಕೆಲವಿವೆ.

ಶ, ಷ, ಸ. ಹರ್ಷಿತಾ, ಹರ್ಶಿತಾ ಅಲ್ಲ. ವಿಶಾಲ್, ವಿಷಾಲ್ ಅಲ್ಲ. ಅನುಮಾನವಿದ್ದರೆ ನಿಘಂಟು ತೆಗೆಯಿರಿ. ಹೆಸರಿನ ಪಟ್ಟಿ ಕೊಡುವ ಆ್ಯಪ್‌ಗಳನ್ನು ನಂಬಬೇಡಿ. ಅವು ಇಂಗ್ಲಿಷಿನಿಂದ ಕನ್ನಡಕ್ಕೆ ಮಷಿನ್ನಿನಲ್ಲಿ ಹಾಕಿ ತೆಗೆದ ಹೆಸರುಗಳು, ಅರ್ಥವೂ ಎಷ್ಟೋ ಸಲ ಬಾಯಿಗೆ ಬಂದದ್ದು. ‘ಲಕ್ಷ್ಮಿಯ ಇನ್ನೊಂದು ಹೆಸರು’ ಎಂದು ಬರೆದಿರುವುದೆಲ್ಲ ಲಕ್ಷ್ಮಿಗೇ ಗೊತ್ತಿರಲಾರದು.

ಋ ಮತ್ತು ರು, ಹೃ ಮತ್ತು ಹ್ರ. ಋತ್ವಿಕ್ ಎಂದು ಬರೆಯುತ್ತೀರೋ ರಿತ್ವಿಕ್ ಎಂದೋ ಈಗಲೇ ತೀರ್ಮಾನಿಸಿ. ನಾವು ಕನ್ನಡಿಗರು ಋಕಾರವನ್ನು ‘ರು’ ಹತ್ತಿರ ಹೇಳುತ್ತೇವೆ, ಹಿಂದಿಯವರು ‘ರಿ’ ಅನ್ನುತ್ತಾರೆ. ಇಂಗ್ಲಿಷ್ ಸ್ಪೆಲ್ಲಿಂಗ್ ಹಿಂದಿಯ ದಾರಿಯಲ್ಲಿ ಹೋಗಿ, ಅಲ್ಲಿಂದ ಕನ್ನಡಕ್ಕೆ ವಾಪಸ್ ಬಂದಾಗ ‘ರಿತು’ ಆಗಿರುತ್ತದೆ.

ಕೊನೆಯ ಅಕ್ಷರ. ಚಂದನ, ಚಂದನಾ, ಚಂದನ್. ಕನ್ನಡದಲ್ಲಿ ಮೂರೂ ಬೇರೆ. ಹುಡುಗನಿಗೆ ಪ್ರಣವ ಎಂದು ಇಟ್ಟು ಎಲ್ಲರೂ ಪ್ರಣವ್ ಎಂದೇ ಕರೆಯುತ್ತಿದ್ದರೆ ದಾಖಲೆಯಲ್ಲೂ ಪ್ರಣವ್ ಇರಲಿ. ಹೆಣ್ಣುಮಗುವಿನ ಹೆಸರಿಗೆ ಕೊನೆಯ ದೀರ್ಘ ಬೇಕೋ ಬೇಡವೋ ಎಂಬುದಕ್ಕೆ ಎರಡು ರೂಢಿಯೂ ಇವೆ. ಅನನ್ಯ ಎಂದರೂ ನಡೆಯುತ್ತದೆ, ಅನನ್ಯಾ ಎಂದರೂ ನಡೆಯುತ್ತದೆ. ಒಂದನ್ನು ಹಿಡಿದು ಎಲ್ಲ ಕಡೆ ಅದನ್ನೇ ಬರೆಯಿರಿ.

ಊರಿನ ಉಚ್ಚಾರಣೆಯೂ ಒಂದು ಲೆಕ್ಕ. ಮೈಸೂರಿನ ಕಡೆ ಪ್ರಹ್ಲಾದ ಆದವನು ಹುಬ್ಬಳ್ಳಿ ಧಾರವಾಡದಲ್ಲಿ ಪ್ರಲ್ಹಾದ. ಕೇಂದ್ರ ಸಚಿವ ಪ್ರಲ್ಹಾದ ಜೋಶಿಯವರ ಇಂಗ್ಲಿಷ್ ಹೆಸರಿನಲ್ಲೂ ಎಲ್ ಮೊದಲು, ಎಚ್ ಆಮೇಲೆ. ನಿಮ್ಮ ಮನೆಯಲ್ಲಿ ಹೇಗೆ ಕರೆಯುತ್ತೀರೋ ಅದೇ ಸರಿ. ಇದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಬರೆದಾದ ಮೇಲೆ ಹಿತ್ತಿಲ ಬಾಗಿಲಲ್ಲಿ ನಿಂತು ಜೋರಾಗಿ ಕರೆದು ನೋಡಿ: ‘ಏ ಋತ್ವಿಕಾ, ಬಾರೋ ಒಳಗೆ!’ ಅಜ್ಜಿ ಬಾಯಲ್ಲೂ ಒಮ್ಮೆ ಹೇಳಿಸಿ. ಅವರು ‘ರುತ್ವಿಕ’ ಅಂದರೆ ಚಿಂತೆ ಇಲ್ಲ, ಅದು ಮುದ್ದು. ನಾಲ್ಕು ಸಲ ಹೇಳಿದರೂ ನೆನಪಲ್ಲಿ ನಿಲ್ಲದೆ ‘ಅದೇ, ಆ ಮಗು’ ಅನ್ನುತ್ತಿದ್ದರೆ ಮಾತ್ರ ಯೋಚಿಸಿ.

ಇಂಗ್ಲಿಷಿಗೆ ತರುವುದು

ಹೆಚ್ಚಿನ ಜಗಳ ಆ ಎಚ್‌ನದೇ, ಅದನ್ನೇ ಮೊದಲು ನೋಡೋಣ. ದಕ್ಷಿಣದವರು ತ ಬರೆಯಲು ಟಿ ಜೊತೆ ಎಚ್ ಸೇರಿಸುತ್ತೇವೆ, ಬರೀ ಟಿ ಇದ್ದರೆ ಟ ಅಂತ ಓದುತ್ತೇವೆ. ಉತ್ತರದವರಿಗೆ ಬರೀ ಟಿ ಎಂದರೆ ತ, ಎಚ್ ಸೇರಿದರೆ ಥ. ತಮಾಷೆಯೆಂದರೆ ನಾವು ತ-ಗೆ ಎಚ್ ಕೊಡುತ್ತೇವೆ, ದ-ಗೆ ಕೊಡುವುದಿಲ್ಲ. ತಮಿಳರು ದಿವ್ಯಾಗೂ ಡಿ ಪಕ್ಕ ಎಚ್ ಹಾಕುತ್ತಾರೆ. ಕನ್ನಡದವರಿಗೆ ಡಿ-ಎಚ್ ಎಂದರೆ ಧನುಷ್‌ನ ಧ. ಹಾಗಾಗಿ ಅದಿತಿಯನ್ನು ನಮ್ಮ ಕಡೆ ಬರೆದಾಗ ದ ಉತ್ತರದ ಪದ್ಧತಿಯದು, ತಿ ದಕ್ಷಿಣದ್ದು. ಇದರಲ್ಲಿ ಸರಿ ತಪ್ಪು ಹುಡುಕಿ ಪ್ರಯೋಜನವಿಲ್ಲ.

ಆಯ್ಕೆ ಹೀಗೆ ಮಾಡಿ. ಮಗು ಕರ್ನಾಟಕದಲ್ಲೇ ಬೆಳೆಯುತ್ತದೆ ಅನ್ನುವುದು ಹೆಚ್ಚುಕಡಿಮೆ ಖಚಿತವಾಗಿದ್ದರೆ ಎಚ್ ಇರಲಿ, ಟೀಚರು ಮೊದಲ ದಿನವೇ ಸರಿಯಾಗಿ ಕರೆಯುತ್ತಾರೆ. ಮುಂಬೈ, ದೆಹಲಿ ಎಂದು ವರ್ಗಾವಣೆಯಾಗುವ ಕೆಲಸವಿದ್ದರೆ ಬಿಡಿ. ಹೆಸರಿನಲ್ಲಿ ನಿಜವಾದ ಥ ಇದ್ದರೆ, ಮೈಥಿಲಿ, ಪ್ರಥಮ್ ಅಂಥವು, ಎರಡೂ ಪದ್ಧತಿಯಲ್ಲಿ ಎಚ್ ಬಂದೇ ಬರುತ್ತದೆ, ವಾದವೇ ಇಲ್ಲ.

ಎರಡು ಎ. ಆ ಎಂದು ದೀರ್ಘ ತೋರಿಸಲು ಈಗ ಎಲ್ಲರೂ ಎರಡು ಎ ಹಾಕುತ್ತಿದ್ದಾರೆ. ಆರವ್, ಆದ್ಯಾ, ಆರ್ಯ: ಅಂಗನವಾಡಿಯಿಂದ ಹಿಡಿದು ಅಟೆಂಡೆನ್ಸ್ ಪುಸ್ತಕದ ಮೇಲ್ತುದಿಯೆಲ್ಲ ಇವರದೇ. ಆದಿಗೂ ಅದಿತಿಗೂ ವ್ಯತ್ಯಾಸ ಕಾಣಬೇಕಾದಲ್ಲಿ ಎರಡು ಎ ಉಪಯುಕ್ತ. ಆದರೆ ಹ್ರಸ್ವವಿರುವ ಅದಿತಿಗೆ, ಚೆನ್ನಾಗಿ ಕಾಣುತ್ತದೆ ಎಂದು ಎರಡು ಎ ಹಾಕಿದರೆ ಜನ ‘ಆದಿತಿ’ ಎಂದೇ ಕರೆಯುತ್ತಾರೆ. ಅದು ಓದುವವರ ತಪ್ಪಲ್ಲ. ಈ ಮತ್ತು ಊ-ಗಳಿಗೆ ನಮ್ಮಲ್ಲಿ ಹಳೆಯ ರೂಢಿಯೇ ಇದೆ: ದೀಪಾಗೆ ಎರಡು ಇ, ಪೂಜಾಗೆ ಎರಡು ಓ. ಅದನ್ನು ಮುರಿಯಲು ಕಾರಣ ಕಾಣುವುದಿಲ್ಲ.

ಜ್ಞ ಇರುವ ಹೆಸರಿಗೆ, ಪ್ರಜ್ಞಾ ಎನ್ನಿ, ಕನ್ನಡದ ದಾರಿ ಜೆ-ಎನ್, ಹಿಂದಿಯ ದಾರಿ ಜಿ-ವೈ. ಜಿ-ವೈ ಬರೆದರೆ ಮಗು ಜೀವಮಾನವಿಡೀ ‘ಪ್ರಗ್ಯಾ’. ಮನೆಯಲ್ಲಿ ಪ್ರಜ್ಞಾ ಎಂದು ಕರೆಯುತ್ತಿದ್ದರೆ ಜೆ-ಎನ್ ಬರೆಯಿರಿ. ಓದಲು ಕಷ್ಟವೆನ್ನುವವರಿಗೆ ಜ್ಞಾನಪೀಠದ ಇಂಗ್ಲಿಷ್ ಸ್ಪೆಲ್ಲಿಂಗ್ ತೋರಿಸಿ, ಅದೂ ಜೆ-ಎನ್ನಿಂದಲೇ ಶುರುವಾಗುತ್ತದೆ.

ಣ, ಳ, ಟ-ಗಳ ಗೋಜಿಗೆ ಹೋಗಬೇಡಿ. ಅವನ್ನು ತೋರಿಸುವ ದಾರಿ ಇಂಗ್ಲಿಷಿನಲ್ಲಿ ಇಲ್ಲ, ಪಾಸ್‌ಪೋರ್ಟಿನ ಕೆಳಗೆ ಮಷಿನ್ ಓದುವ ಸಾಲಿನಲ್ಲಿ ಚುಕ್ಕಿ ಗೆರೆಗಳಿಗೆ ಜಾಗವೂ ಇಲ್ಲ. ಆ ಸಾಲಿನಲ್ಲಿ ಹೆಸರಿಗೆ ಒಟ್ಟು 39 ಮನೆಗಳು ಮಾತ್ರ. ತಾತನ ಹೆಸರು, ಮನೆದೇವರ ಹೆಸರು, ಊರು ಎಲ್ಲ ಪೂರ್ತಿ ಬರೆದವರಿಗೆ ಇದು ನೆನಪಿರಲಿ.

ಬರೆದ ಎರಡು ಮೂರು ಸ್ಪೆಲ್ಲಿಂಗ್‌ಗಳಲ್ಲಿ ಯಾವುದು ಎಂದು ಗೊತ್ತಾಗದಿದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಹೆಸರು ಗೊತ್ತಿಲ್ಲದ ಯಾರಿಗಾದರೂ, ಆಫೀಸಿನ ಸಹೋದ್ಯೋಗಿಯಾದರೆ ಒಳ್ಳೆಯದು, ಒಂದೊಂದನ್ನೇ ತೋರಿಸಿ ‘ಇದನ್ನ ಓದಿ’ ಅನ್ನಿ. ‘ಯಾವುದು ಚೆನ್ನಾಗಿದೆ?’ ಅಂತ ಕೇಳಬೇಡಿ. ಕೇಳಿದಿರೋ, ಅವರದೂ ಒಂದು ಅಭಿಪ್ರಾಯ ಹುಟ್ಟಿಕೊಳ್ಳುತ್ತದೆ. ಆಮೇಲೆ ಇನ್ನೊಬ್ಬರಿಗೆ ಫೋನಿನಲ್ಲಿ ಅಕ್ಷರ ಹೇಳಿ ಬರೆಸಿ. ಮೂರು ಸಲ ‘ಡಿ, ಡಿ ಫಾರ್ ಡೆಲ್ಲಿ’ ಅನ್ನಬೇಕಾಗಿ ಬಂದರೆ ಆ ಕಷ್ಟ ಮುಂದೆ ಮಗುವಿನದು.

ಇನಿಶಿಯಲ್ಲು, ಸರ್‌ನೇಮು

ಹಳೆ ಮೈಸೂರಿನವರು ಊರು, ತಂದೆ ಹೆಸರಿನ ಮೊದಲಕ್ಷರ ಮುಂದೆ ಹಾಕಿಕೊಳ್ಳುತ್ತಾರೆ. ಹರದನಹಳ್ಳಿ ದೊಡ್ಡೇಗೌಡರ ಮಗ ಎಚ್.ಡಿ. ದೇವೇಗೌಡ. ಉತ್ತರ ಕರ್ನಾಟಕದವರಿಗೆ ಹಿರೇಮಠ, ಪಾಟೀಲ, ಬಡಿಗೇರ ಎಂದು ಅಡ್ಡಹೆಸರು ಹಿಂದೆಯೇ ಇರುತ್ತದೆ, ಅವರಿಗೆ ಈ ತೊಂದರೆ ಕಡಿಮೆ. ಪಾಸ್‌ಪೋರ್ಟಿನಲ್ಲಿ ಹೆಸರಿಗೊಂದು ಜಾಗ, ಸರ್‌ನೇಮಿಗೊಂದು ಜಾಗ. ಒಂದೇ ಪದದ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗಕ್ಕೆ ಎಫ್-ಎನ್-ಯು ಎಂದು ಬಂದುಬಿಡುತ್ತದೆ, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’. 2022ರ ನವೆಂಬರಿನಲ್ಲಿ ಯುಎಇ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವೀಸಾ ಕೊಡುವುದಿಲ್ಲ ಎಂದಾಗ ದುಬೈಗೆ ಮಕ್ಕಳನ್ನು ನೋಡಲು ಹೊರಟ ಎಷ್ಟೋ ಅಪ್ಪ ಅಮ್ಮಂದಿರಿಗೆ ಇದು ತಲೆನೋವಾಯಿತು.

ಆದ್ದರಿಂದ ಇನಿಶಿಯಲ್ ಹಾಕಬೇಡಿ, ಬಿಡಿಸಿ ಬರೆಯಿರಿ. ತಂದೆಯ ಹೆಸರೋ, ತಾಯಿಯ ಹೆಸರೋ, ಅಡ್ಡಹೆಸರೋ, ಒಂದು ಪೂರ್ತಿ ಪದ ಮಗುವಿನ ಹೆಸರಿನ ಹಿಂದೆ ಇದ್ದರೆ ಸಾಕು. ತಂದೆಯ ಹೆಸರು ಹಾಕುವುದಿದ್ದರೆ ಅವರ ಆಧಾರ್‌ನಲ್ಲಿರುವ ಸ್ಪೆಲ್ಲಿಂಗ್ ನೋಡಿಯೇ ಬರೆಯಿರಿ. ಅಪ್ಪನ ಸರ್ಟಿಫಿಕೇಟಿನಲ್ಲಿ ಮಂಜುನಾಥ, ಮಗಳದರಲ್ಲಿ ಮಂಜುನಾತ್ ಆದರೆ ಕೌಂಟರಿನಲ್ಲಿರುವವರು ಇಬ್ಬರೂ ಬೇರೆ ಎನ್ನುತ್ತಾರೆ.

ಇನ್ನು, ಅಭಿಪ್ರಾಯ ಹೇಳುವವರು

ಪುರೋಹಿತರು ನಕ್ಷತ್ರದ ಅಕ್ಷರ ಕೊಡುತ್ತಾರೆ. ಅದು ಸಿಕ್ಕಿಹಾಕಿಕೊಳ್ಳುವ ಜಾಗ ಎಂದು ಯುವ ದಂಪತಿಗಳು ಹೆದರುತ್ತಾರೆ, ಹೆದರಬೇಕಾಗಿಲ್ಲ. ಪಂಚಾಂಗ ತೆರೆದು ನೋಡಿ: ಆರ್ದ್ರಾ ನಕ್ಷತ್ರಕ್ಕೆ ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ಉತ್ತರಾಭಾದ್ರೆಗೆ ದು, ಥ, ಝ, ಞ. ಙ-ದಿಂದ, ಞ-ದಿಂದ ಯಾವ ಹೆಸರಿಡುತ್ತೀರಿ? ಶಾಸ್ತ್ರ ತಿಳಿದವರಿಗೆ ಇದು ಗೊತ್ತು. ಅದಕ್ಕೇ ನಕ್ಷತ್ರನಾಮ ಬೇರೆ, ವ್ಯವಹಾರನಾಮ ಬೇರೆ ಎಂಬ ಏರ್ಪಾಡು ನಾಮಕರಣದಲ್ಲೇ ಇದೆ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ನಾಲ್ಕು ಹೆಸರು ಬರೆಯಬಹುದು. ಸರ್ಟಿಫಿಕೇಟಿಗೆ ಹೋಗುವುದು ವ್ಯವಹಾರದ್ದು. ಅತ್ತೆಯವರ ಆಸೆಯ ಹೆಸರು, ಮನೆದೇವರ ಹೆಸರು ಎಲ್ಲವೂ ತೊಟ್ಟಿಲಲ್ಲಿ ಜಾಗ ಪಡೆಯುತ್ತವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಅವಳಿಗೆ ಆ ಮರ್ಯಾದೆ ಪೂರ್ತಿ ಸಲ್ಲಲಿ. ಕಿವಿಯಲ್ಲಿ ಹೇಳಿದ ಹೆಸರಿಗೆ ಸ್ಪೆಲ್ಲಿಂಗ್ ಬೇಕಿಲ್ಲ.

ನ್ಯೂಮರಾಲಜಿಯವರ ಜೊತೆ ವಾದ ಬೇಡ, ಲೆಕ್ಕ ಮಾಡಿ ತೋರಿಸಿ. ಅಕ್ಷರಕ್ಕೆ ಅಂಕಿ ಕೊಡುವ ಕೋಷ್ಟಕ ಒಂದಲ್ಲ, ಕ್ಯಾಲ್ಡಿಯನ್, ಪೈಥಾಗೊರಿಯನ್ ಎಂದು ಎರಡು ಚಾಲ್ತಿಯಲ್ಲಿವೆ. ಎಚ್ ಇಲ್ಲದ ಅದಿತಿ ಕ್ಯಾಲ್ಡಿಯನ್‌ನಲ್ಲಿ 11, ಕೂಡಿದರೆ 2. ಪೈಥಾಗೊರಿಯನ್‌ನಲ್ಲಿ 25, ಅಂದರೆ 7. ಎಚ್ ಸೇರಿಸಿದರೆ ಮೊದಲನೆಯದರಲ್ಲಿ 16, ಅಂದರೆ 7. ಎರಡನೆಯದರಲ್ಲಿ 33, ಅಂದರೆ 6. ಏಳು ಬೇಕು ಎನ್ನುವವರಿಗೆ ಎಚ್ ಇಟ್ಟರೂ ಸಿಗುತ್ತದೆ, ಬಿಟ್ಟರೂ ಸಿಗುತ್ತದೆ, ಕೋಷ್ಟಕ ಬದಲಿಸಿದರಾಯಿತು. ನಂಬಿಕೆ ಇರುವ ಮನೆಯಾದರೆ ನಿಮಗೆ ಒಪ್ಪಿತವಾದ ಸ್ಪೆಲ್ಲಿಂಗ್ ಇಟ್ಟುಕೊಂಡು ಅದಕ್ಕೆ ಒಗ್ಗುವ ಕೋಷ್ಟಕ ತೋರಿಸಿ, ಎಲ್ಲರಿಗೂ ಸಮಾಧಾನ. ಇನ್ನು, ಅಕ್ಷರ ಬದಲಿಸುವುದೇ ಬೇಕೆಂದಾದರೆ ಅದನ್ನು ದೊಡ್ಡವರಾದ ಮೇಲೆ ಅವರೇ ಮಾಡಿಕೊಳ್ಳಬಹುದು. ಯಡಿಯೂರಪ್ಪನವರು 2007ರಲ್ಲಿ ಇಂಗ್ಲಿಷ್ ಹೆಸರಿನಲ್ಲಿ ಐ ತೆಗೆದು ಇನ್ನೊಂದು ಡಿ ಹಾಕಿದರು, 2019ರಲ್ಲಿ ಮತ್ತೆ ಹಳೆಯದಕ್ಕೆ ಬಂದರು. ಕನ್ನಡ ಪತ್ರಿಕೆಗಳಲ್ಲಿ ಅವರ ಹೆಸರು ಕದಲಲೇ ಇಲ್ಲ.

‘ಅದೇ ಹೆಸರು ನಮ್ಮ ಭಾವನ ಮಗಳಿಗೂ ಇದೆ’ ಅನ್ನುವವರಿಗೆ ‘ಒಳ್ಳೇದಾಯ್ತು ಬಿಡಿ, ಇಬ್ಬರನ್ನೂ ಒಟ್ಟಿಗೆ ಕರೆಯಬಹುದು’ ಅಂದರೆ ಮುಗಿಯಿತು. ಹೊರದೇಶದ ಅಣ್ಣ ‘ಇಲ್ಲಿಯವರಿಗೆ ಓದಕ್ಕಾಗಲ್ಲ’ ಎಂದರೆ ಅವರ ಮಾತಿನಲ್ಲಿ ಹುರುಳಿದೆ. ಆದರೆ ಅಲ್ಲಿಯವರು ಯಾವ ಸ್ಪೆಲ್ಲಿಂಗ್ ಇಟ್ಟರೂ ಅವರ ಧಾಟಿಯಲ್ಲೇ ಓದುತ್ತಾರೆ. ಮಗು ಅಲ್ಲೇ ಹುಟ್ಟಿ ಬೆಳೆಯುತ್ತಿದ್ದರೆ ಬೇರೆ ಮಾತು: ಆಗ ಆ ದೇಶದವರು ಎಡವದ ಚಿಕ್ಕ ಹೆಸರು ಆರಿಸಿ. ಹೆಸರು ನಮ್ಮದೇ ಇಟ್ಟುಕೊಂಡು ಸ್ಪೆಲ್ಲಿಂಗನ್ನು ತಿರುಚಬೇಡಿ.

ಅತ್ತೆ ಮಾವನವರ ಮಾತು ಕೊಂಚ ಸೂಕ್ಷ್ಮ. ಅವರಿಗೆ ಅವರ ಮಗ ಅಥವಾ ಮಗಳೇ ಹೇಳಲಿ, ಸೊಸೆ ಅಥವಾ ಅಳಿಯ ಹೇಳುವುದು ಬೇಡ. ‘ಅಮ್ಮಾ, ಹೆಸರು ನೀವು ಹೇಳಿದ್ದೇ ಇಟ್ವಿ. ಇಂಗ್ಲಿಷ್‌ನಲ್ಲಿ ಹೇಗೆ ಬರೀಬೇಕು ಅನ್ನೋದು ನಾವಿಬ್ಬರು ನೋಡ್ಕೋತೀವಿ, ಪಾಸ್‌ಪೋರ್ಟು ಅದು ಇದು ಅಂತ ಬಹಳ ರೂಲ್ಸ್ ಇದೆ’ ಅಂದರೆ ಸಾಕು. ರೂಲ್ಸ್ ಎಂಬ ಪದಕ್ಕೆ ಹಿರಿಯರು ಬೇಗ ಒಪ್ಪುತ್ತಾರೆ. ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮಾತ್ರ ಮೂರು ಸ್ಪೆಲ್ಲಿಂಗ್ ಹಾಕಿ ‘ಯಾವುದು ಇಡೋಣ?’ ಎಂದು ಕೇಳಬೇಡಿ. ಹೆಸರು ಸೇರಿಸಿಯಾದ ಮೇಲೆ ಸರ್ಟಿಫಿಕೇಟಿನಲ್ಲಿರುವಂತೆ ಬರೆದು, ತೊಟ್ಟಿಲ ಫೋಟೋ ಜೊತೆ ಹಾಕಿ. ಆಗ ಬರುವುದು ಆಶೀರ್ವಾದ.

ಕೌಂಟರಿನಲ್ಲಿ

ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಇಂಗ್ಲಿಷನ್ನು ದೊಡ್ಡಕ್ಷರದಲ್ಲಿ, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳಬೇಡಿ. ಟೈಪ್ ಮಾಡಿದ್ದನ್ನು ಸ್ಕ್ರೀನಿನಲ್ಲೇ ತೋರಿಸಿ ಎಂದು ಕೇಳಿ, ಕನ್ನಡ ಸಾಲನ್ನು ಅಕ್ಷರಕ್ಷರ ಓದಿ. ಹರ್ಷ್‌ವರ್ಧನ್ ಎಂಬುದು ಹರ್ಷ್ವರ್ಧನ್ ಎಂದು ಅಂಟಿಕೊಂಡಿರಬಹುದು, ನಡುವೆ ಬಿಡಿಸುವ ಕೀ ಒತ್ತಿಲ್ಲ ಅಷ್ಟೇ, ಆಗಲೇ ಹೇಳಿದರೆ ಒಂದು ಕ್ಷಣದ ಕೆಲಸ. ದಾಖಲಾದ ಮೇಲೆ 15ನೇ ಸೆಕ್ಷನ್ ಪ್ರಕಾರ ತಿದ್ದುವುದು ತಪ್ಪನ್ನು ಮಾತ್ರ, ಅದೂ ಮೂಲ ನಮೂದನ್ನು ಅಳಿಸದೆ ಅಂಚಿನಲ್ಲಿ ಬರೆದು. ‘ಮನಸ್ಸು ಬದಲಾಯಿತು, ಎಚ್ ಬೇಡ’ ಅನ್ನುವುದು ಅಲ್ಲಿ ತಪ್ಪಿನ ಲೆಕ್ಕಕ್ಕೆ ಬರುವುದಿಲ್ಲ.

ಆಧಾರ್ ಮಾಡಿಸುವಾಗ ಇನ್ನೂ ಹುಷಾರು. ಅಲ್ಲಿ ಇಂಗ್ಲಿಷಿನಲ್ಲಿ ಹೊಡೆದದ್ದನ್ನು ಕಂಪ್ಯೂಟರ್ ತಾನೇ ಕನ್ನಡಕ್ಕೆ ತಿರುಗಿಸುತ್ತದೆ. ಎಚ್ ಹಾಕಿದ ಅದಿತಿ ‘ಅದಿಥಿ’ ಆಗಿಬಿಡಬಹುದು. ಆಪರೇಟರ್ ಅದನ್ನು ತಿದ್ದಬಹುದು, ನೀವು ಕೇಳಬೇಕು ಅಷ್ಟೇ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಬಹುದು. ಅದರಲ್ಲಿ ಒಂದನ್ನು ಐದು ವರ್ಷ ತುಂಬುವ ಮುಂಚೆಯೇ ಖರ್ಚು ಮಾಡುವುದು ಯಾಕೆ?

ಅಲ್ಲಿಂದ ಮುಂದೆ ಲಸಿಕೆ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಶಾಲೆಯ ಅರ್ಜಿ ಎಲ್ಲದಕ್ಕೂ ಸರ್ಟಿಫಿಕೇಟಿನ ಜೆರಾಕ್ಸ್ ಎದುರಿಗಿಟ್ಟುಕೊಂಡು ನೋಡಿ ಬರೆಯಿರಿ, ನೆನಪಿನಿಂದ ಬರೆಯಬೇಡಿ. ಹತ್ತನೇ ತರಗತಿಯ ಪರೀಕ್ಷೆಗೆ ಹೆಸರು ಕಳಿಸುವ ಮುಂಚೆ ಶಾಲೆಯಲ್ಲಿ ಪಟ್ಟಿ ತೋರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಆವತ್ತು ಮಗಳೊಬ್ಬಳನ್ನೇ ಕಳಿಸದೆ ನೀವೂ ಹೋಗಿ, ಕನ್ನಡದ ಸಾಲನ್ನೂ ಓದಿ ಸಹಿ ಮಾಡಿ.